ರಿಪ್ಲೇಯಿಂದ ಎದ್ದುಕಾಣುವ ಸ್ಕ್ರೀನ್‌ಶಾಟ್ ತೆಗೆಯುವ ಬಗೆ

ಪಂದ್ಯದ ನಡುವೆ ತೆಗೆದ ಸ್ಕ್ರೀನ್‌ಶಾಟ್ ತೆರೆದು ನೋಡಿದರೆ ಬಹುಪಾಲು ಕಾಣುವುದು ನಿಮ್ಮ ಪಾತ್ರದ ಬೆನ್ನು, ಒಂದು ಮೂಲೆಯಲ್ಲಿ ಮ್ಯಾಪ್, ಇನ್ನೊಂದರಲ್ಲಿ ಗುಂಡಿನ ಲೆಕ್ಕ, ನಡುವೆ ಗುರಿಯ ಚುಕ್ಕೆ. ಕೈ ಆಟದಲ್ಲಿರುವಾಗ ಫ್ರೇಮ್ ಕಟ್ಟಲು ಪುರುಸೊತ್ತು ಎಲ್ಲಿಂದ ಬರಬೇಕು? ರಿಪ್ಲೇ ಇರುವ ಆಟಗಳಲ್ಲಿ ಈ ಅವಸರ ಬೇಡ. ಪಂದ್ಯ ಮುಗಿದ ಮೇಲೆ ಅದೇ ಕ್ಷಣಕ್ಕೆ ಮರಳಿ, ಕಾಲವನ್ನು ನಿಲ್ಲಿಸಿ, ಎದುರಿನಿಂದಲೋ ನೆಲಮಟ್ಟದಿಂದಲೋ ನಿಧಾನವಾಗಿ ನೋಡಬಹುದು.

ಆದರೆ ರಿಪ್ಲೇ ಎಂದರೆ ವಿಡಿಯೊ ಅಲ್ಲ. ಆ ಫೈಲ್‌ನಲ್ಲಿ ಒಂದೇ ಒಂದು ಚಿತ್ರವೂ ಇರುವುದಿಲ್ಲ. ಯಾರು ಎಲ್ಲಿದ್ದರು, ಯಾವ ಬಟನ್ ಯಾವಾಗ ಒತ್ತಿದರು, ಗುಂಡು ಎತ್ತ ಹೊರಟಿತು ಎಂಬ ಮಾಹಿತಿಯಷ್ಟೇ ಇರುತ್ತದೆ. ತೆರೆದಾಗಲೆಲ್ಲ ಗೇಮ್ ಎಂಜಿನ್ ಅದನ್ನು ಓದಿಕೊಂಡು ಇಡೀ ಪಂದ್ಯವನ್ನು ಹೊಸದಾಗಿ ಚಿತ್ರಿಸುತ್ತದೆ. ಮುಂದೆ ಹೇಳುವ ಅನುಕೂಲಗಳೂ ಎಡವಟ್ಟುಗಳೂ ಹೆಚ್ಚಿನಂಶ ಇಲ್ಲಿಂದಲೇ ಹುಟ್ಟುತ್ತವೆ.

ದೊಡ್ಡ ಅನುಕೂಲ ಇದು: ಆಡುವಾಗ ವೇಗಕ್ಕಾಗಿ ಗ್ರಾಫಿಕ್ಸ್ ಕೆಳಮಟ್ಟದಲ್ಲಿ ಇಟ್ಟಿದ್ದರೂ ಚಿಂತೆಯಿಲ್ಲ. ರಿಪ್ಲೇ ತೆರೆಯುವ ಮೊದಲು ಎಲ್ಲವನ್ನೂ ಗರಿಷ್ಠಕ್ಕೆ ಏರಿಸಿ. ಸೆಕೆಂಡಿಗೆ 15 ಫ್ರೇಮ್ ಬಂದರೂ ಸಾಕು, ಇಲ್ಲಿ ಯಾರೂ ನಿಮ್ಮ ಮೇಲೆ ಗುಂಡು ಹಾರಿಸುವುದಿಲ್ಲ.

ದೊಡ್ಡ ತೊಂದರೆಯೂ ಇದರದೇ ಇನ್ನೊಂದು ಮುಖ. ಗೇಮ್‌ಗೆ ಅಪ್‌ಡೇಟ್ ಬಂದು ಆಯುಧದ ಲೆಕ್ಕವೋ ಮ್ಯಾಪ್‌ನ ಗೋಡೆಯೋ ಬದಲಾದರೆ ಹಳೆಯ ಮಾಹಿತಿ ಹೊಸ ಆಟಕ್ಕೆ ಹೊಂದುವುದಿಲ್ಲ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಪ್ಯಾಚ್ ಬದಲಾದ ಕೂಡಲೇ ಹಿಂದಿನ ಪ್ಯಾಚ್‌ನ ರಿಪ್ಲೇ ತೆರೆಯುವುದೇ ಇಲ್ಲ. ಫೋರ್ಟ್‌ನೈಟ್‌ನಲ್ಲೂ ಇದೇ ಪಾಡು. ‘ವಾರಾಂತ್ಯದಲ್ಲಿ ನಿಧಾನಕ್ಕೆ ತೆಗೆದರಾಯಿತು’ ಎಂದುಕೊಂಡು ಬಿಟ್ಟರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಆಡಿದ ದಿನವೇ ಅಥವಾ ಮುಂದಿನ ಅಪ್‌ಡೇಟ್‌ಗೆ ಮೊದಲೇ ತೆಗೆದು ಮುಗಿಸಿ.

ತೆರೆಯುವ ಮೊದಲು

ಮೋಷನ್ ಬ್ಲರ್ (ಚಲನೆಯ ಮಸುಕು), ಫಿಲ್ಮ್ ಗ್ರೇನ್ (ಕಾಳುಕಾಳು ಚುಕ್ಕೆ), ಕ್ರೋಮ್ಯಾಟಿಕ್ ಅಬರೇಷನ್ (ಅಂಚಿನಲ್ಲಿ ಚೆಲ್ಲುವ ಬಣ್ಣ), ವಿಗ್ನೆಟ್ (ಮೂಲೆಗಳ ಕಪ್ಪು) ಈ ನಾಲ್ಕನ್ನೂ ಆಫ್ ಮಾಡಿ. ಬೇಕಾದರೆ ಇವನ್ನು ಆಮೇಲೆ ಎಡಿಟಿಂಗ್‌ನಲ್ಲಿ ಸೇರಿಸಬಹುದು. ಚಿತ್ರದೊಳಗೆ ಒಮ್ಮೆ ಬೆರೆತವನ್ನು ತೆಗೆಯಲು ಬರುವುದಿಲ್ಲ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್ (ಚಿಕ್ಕದಾಗಿ ಚಿತ್ರಿಸಿ ಹಿಗ್ಗಿಸುವ ವಿಧಾನ) ಇದ್ದರೆ ಆಫ್ ಮಾಡಿ, ಅಥವಾ ಗುಣಮಟ್ಟದ ಅತಿ ಮೇಲಿನ ಹಂತಕ್ಕೆ ಇಡಿ.

ನಂತರ ರೆಸಲ್ಯೂಷನ್. ನಿಮ್ಮ ಮಾನಿಟರ್ 1920×1080 ಆಗಿದ್ದರೂ ಅದಕ್ಕಿಂತ ದೊಡ್ಡ ಚಿತ್ರ ತೆಗೆಯಬಹುದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಿಎಸ್‌ಆರ್ ಎಂಬ ಆಯ್ಕೆ ಇದೆ. ಅದರಲ್ಲಿ 4.00 ಆರಿಸಿದರೆ ಗೇಮ್‌ನ ರೆಸಲ್ಯೂಷನ್ ಪಟ್ಟಿಯಲ್ಲಿ 3840×2160 ಕಾಣಿಸಿಕೊಳ್ಳುತ್ತದೆ. ಎಎಮ್‌ಡಿ ಕಾರ್ಡ್‌ಗಳಲ್ಲಿ ಇದರ ಹೆಸರು ವರ್ಚುವಲ್ ಸೂಪರ್ ರೆಸಲ್ಯೂಷನ್. ಹೀಗೆ ತೆಗೆದ ಚಿತ್ರದಲ್ಲಿ ಬಲೆ, ತಂತಿ, ಕೂದಲಿನ ಅಂಚು ಗರಗಸದಂತೆ ಕಾಣುವುದು ಬಹಳ ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕತ್ತರಿಸಲು ಜಾಗ ಸಿಗುತ್ತದೆ.

ಎಚ್‌ಡಿಆರ್ (ಪರದೆಯಲ್ಲಿ ಹೆಚ್ಚಿನ ಹೊಳಪು ತೋರಿಸುವ ವಿಧಾನ) ಚಾಲೂ ಇದ್ದರೆ ನಿಲ್ಲಿಸಿ. ವಿಂಡೋಸ್‌ನಲ್ಲಿ ವಿನ್+ಆಲ್ಟ್+ಬಿ ಒತ್ತಿದರೆ ಸಾಕು. ಎಚ್‌ಡಿಆರ್‌ನಲ್ಲಿ ತೆಗೆದ ಚಿತ್ರ ನಿಮ್ಮ ಪರದೆಯ ಮೇಲೆ ಚೆನ್ನಾಗಿ ಕಂಡರೂ ಮಾಮೂಲಿ ಪರದೆಗೆ ಹೋದಾಗ ತೊಳೆದಿಟ್ಟ ಹಾಗೆ ಬೆಳ್ಳಗಾಗುತ್ತದೆ, ಇಲ್ಲವೇ ಆಕಾಶವೆಲ್ಲ ಸುಟ್ಟುಹೋಗಿರುತ್ತದೆ.

ಉಳಿಸುವ ಫೈಲ್ ಬಗೆಯನ್ನೂ ಈಗಲೇ ನೋಡಿಕೊಳ್ಳಿ. ಸ್ಟೀಮ್‌ನ ಎಫ್12 ತಾನಾಗಿ ಉಳಿಸುವುದು ಜೆಪೆಗ್. ಕುಗ್ಗಿಸದ ಪ್ರತಿಯನ್ನೂ ಇಡುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿದೆ. ವಿಂಡೋಸ್ ಗೇಮ್ ಬಾರ್‌ನ ವಿನ್+ಆಲ್ಟ್+ಪ್ರಿಂಟ್‌ಸ್ಕ್ರೀನ್ ಪಿಎನ್‌ಜಿಯನ್ನೇ ಕೊಡುತ್ತದೆ, ಅದು ವಿಡಿಯೋಸ್ ಫೋಲ್ಡರ್‌ನೊಳಗಿನ ಕ್ಯಾಪ್ಚರ್ಸ್‌ನಲ್ಲಿ ಕೂರುತ್ತದೆ. ಪ್ಲೇಸ್ಟೇಷನ್ 5ರಲ್ಲಿ ಕ್ಯಾಪ್ಚರ್ ಸೆಟ್ಟಿಂಗ್‌ಗೆ ಹೋಗಿ ಜೆಪೆಗ್ ಬದಲು ಪಿಎನ್‌ಜಿ ಆರಿಸಬಹುದು. ಮೊದಲ ನಿಂಟೆಂಡೊ ಸ್ವಿಚ್‌ನಲ್ಲಿ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಅದರ ಕ್ಯಾಪ್ಚರ್ ಬಟನ್ ಕೊಡುವುದು 1280×720ರ ಜೆಪೆಗ್. ಅಲ್ಲಿ ಕತ್ತರಿಸುವ ಮಾತೇ ಬೇಡ, ಫ್ರೇಮ್ ಸ್ಥಳದಲ್ಲೇ ಸರಿಯಾಗಿರಬೇಕು.

ಕ್ಷಣ ಹುಡುಕುವುದು

ಹೊಸಬರು ಕ್ಯಾಮೆರಾ ಹಿಡಿದು ಸುತ್ತಲು ಶುರುಮಾಡುತ್ತಾರೆ. ಮೊದಲು ಸಾಮಾನ್ಯ ವೇಗದಲ್ಲಿ ಒಮ್ಮೆ ಪೂರ್ತಿ ನೋಡಿ, ಹಿಡಿಸಿದ ಕಡೆಯ ಸಮಯ ಬರೆದಿಟ್ಟುಕೊಳ್ಳಿ. ಇಪ್ಪತ್ತು ನಿಮಿಷದ ಪಂದ್ಯದಲ್ಲಿ ನಾಲ್ಕೈದು ಜಾಗ ಸಿಕ್ಕರೆ ಅದೇ ಹೆಚ್ಚು. ಆಮೇಲೆ ಒಂದೊಂದಕ್ಕೂ ಹೋಗಿ ವೇಗವನ್ನು ನಾಲ್ಕನೇ ಒಂದಕ್ಕೆ ಅಥವಾ ಎಂಟನೇ ಒಂದಕ್ಕೆ ಇಳಿಸಿ ನೋಡಬೇಕು.

ಇಲ್ಲಿ ಬಹಳ ಜನ ಎಡವುವುದು ಹಿಂದಕ್ಕೆ ಓಡಿಸುವಾಗ. ಬೇಕಾದ ಬಿಂದುವಿಗೆ ನೇರವಾಗಿ ಜಿಗಿದರೆ ಪಾತ್ರಗಳು, ಕಾರುಗಳು ಸರಿಯಾದ ಜಾಗದಲ್ಲೇ ಇರುತ್ತವೆ. ಹೊಗೆ, ಧೂಳು, ಕಿಡಿ, ನೀರಿನ ಎರಚು ಮಾತ್ರ ಕಾಣೆ. ಕಾರಣ ಸರಳ. ಹೊಗೆಯ ಪ್ರತಿ ಸುರುಳಿಯನ್ನೂ ಫೈಲ್‌ನಲ್ಲಿ ಬರೆದಿಟ್ಟಿರುವುದಿಲ್ಲ, ಆಟ ಓಡುತ್ತಿರುವಾಗ ಎಂಜಿನ್ ಅದನ್ನು ಹಂತಹಂತವಾಗಿ ಬೆಳೆಸುತ್ತದೆ. ಜಿಗಿದಾಗ ಬೆಳೆಯಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಬೇಕಾದ ಕ್ಷಣಕ್ಕಿಂತ 5ರಿಂದ 10 ಸೆಕೆಂಡ್ ಹಿಂದಕ್ಕೆ ಜಿಗಿದು, ಅಲ್ಲಿಂದ ಸಹಜವಾಗಿ ಓಡಲು ಬಿಟ್ಟು, ಹತ್ತಿರ ಬಂದಾಗ ವೇಗ ಇಳಿಸಿ ನಿಲ್ಲಿಸಿ. ಹೊಗೆ ಬಾಂಬ್‌ನ ಮೋಡದಂತೆ ಬಹಳ ಹೊತ್ತು ನಿಲ್ಲುವ ವಸ್ತುವಾದರೆ ಅದು ಸಿಡಿಯುವುದಕ್ಕೂ ಮೊದಲಿನಿಂದ ಓಡಿಸಬೇಕು.

ಯಾವ ಫ್ರೇಮ್‌ನಲ್ಲಿ ನಿಲ್ಲಿಸುವುದು? ಕಣ್ಣಿಗೆ ಮೊದಲು ಬೀಳುವ ಘಟನೆ ಚಿತ್ರಕ್ಕೆ ಒಳ್ಳೆಯದೇ ಆಗಬೇಕೆಂದಿಲ್ಲ. ಬಂದೂಕಿನ ಬಾಯಿಯ ಬೆಂಕಿಯನ್ನೇ ತೆಗೆದುಕೊಳ್ಳಿ. ಕೌಂಟರ್-ಸ್ಟ್ರೈಕ್ 2ರ ಸರ್ವರ್ ಆಟದ ಸ್ಥಿತಿಯನ್ನು ಸೆಕೆಂಡಿಗೆ 64 ಸಲ ಲೆಕ್ಕ ಹಾಕುತ್ತದೆ, ಇದಕ್ಕೆ ಟಿಕ್ ಎನ್ನುತ್ತಾರೆ, ಅಂದರೆ ಒಂದು ಟಿಕ್‌ಗೆ ಸುಮಾರು 15.6 ಮಿಲಿಸೆಕೆಂಡ್. ಬೆಂಕಿ ಕಾಣುವುದು ಅಂಥ ಕೆಲವೇ ಟಿಕ್‌ಗಳ ಕಾಲ. ತೀರಾ ಮೊದಲ ಫ್ರೇಮ್‌ನಲ್ಲಿ ಬೆಂಕಿ ದೊಡ್ಡದಾಗಿ ಮುಖವನ್ನೇ ಮುಚ್ಚಿರುತ್ತದೆ. ಒಂದೆರಡು ಫ್ರೇಮ್ ಮುಂದೆ ಹೋದರೆ ಬೆಂಕಿ ಚಿಕ್ಕದಾಗಿ, ಭುಜ ಹಿಂದಕ್ಕೆ ಸರಿದು, ಖಾಲಿ ತೋಟಾ ಗಾಳಿಯಲ್ಲಿ ತೇಲುತ್ತಿರುತ್ತದೆ. ನಿಲ್ಲಿಸಬೇಕಾದ್ದು ಅಲ್ಲಿ. ಫುಟ್‌ಬಾಲ್‌ನಲ್ಲಿ ಚೆಂಡು ಕಾಲಿಗೆ ತಾಗಿದ ಫ್ರೇಮ್‌ಗಿಂತ ಅದು ಅರ್ಧ ಅಡಿ ದೂರ ಹೋದ ಫ್ರೇಮ್ ಚೆನ್ನ, ಚೆಂಡೂ ಕಾಲೂ ಬೇರೆಬೇರೆಯಾಗಿ ಕಾಣುತ್ತವೆ. ಫೈಟಿಂಗ್ ಆಟಗಳಲ್ಲಿ ಏಟು ಬಿದ್ದ ಕೂಡಲೇ ಇಬ್ಬರೂ ಕೆಲವು ಫ್ರೇಮ್ ಕಾಲ ಕದಲದೆ ನಿಲ್ಲುತ್ತಾರೆ. ಆ ನಿಲುಗಡೆಯ ಶುರುವಿನಲ್ಲಿ ಕಿಡಿ ಮುಖವನ್ನು ನುಂಗಿರುತ್ತದೆ, ಕೊನೆಗೆ ಬರುವಷ್ಟರಲ್ಲಿ ಕಿಡಿ ಚದುರಿ ಮುಖಭಾವ ಪೂರ್ತಿ ಕಾಣುತ್ತದೆ.

ವೇಗ ತೀರಾ ಇಳಿಸಿದಾಗ ಕೈ, ತಲೆ ಸಣ್ಣಗೆ ನಡುಗುವುದು ಆನ್‌ಲೈನ್ ಪಂದ್ಯಗಳಲ್ಲಿ ಸಾಮಾನ್ಯ. ದಾಖಲಾದ ಬಿಂದುಗಳು ವಿರಳ, ನಡುವಿನದನ್ನು ಎಂಜಿನ್ ಊಹಿಸಿ ತುಂಬುತ್ತದೆ. ಭಂಗಿ ವಿಕಾರವಾಗಿ ಕಂಡರೆ ಒಂದೆರಡು ಫ್ರೇಮ್ ಅತ್ತಿತ್ತ ಸರಿಸಿ. ದೂರದಲ್ಲಿದ್ದ ಆಟಗಾರರು ಜಿಗಿಜಿಗಿದು ಚಲಿಸುವುದು ಬೇರೆ ಸಮಸ್ಯೆ. ನಿಮ್ಮ ಸಾಧನ ದಾಖಲಿಸಿಕೊಂಡ ರಿಪ್ಲೇಯಲ್ಲಿ ನಿಮ್ಮ ಆಸುಪಾಸಿನ ಮಾಹಿತಿಯಷ್ಟೇ ದಟ್ಟವಾಗಿರುತ್ತದೆ. ಫೋರ್ಟ್‌ನೈಟ್‌ನಂಥ ದೊಡ್ಡ ಮ್ಯಾಪ್‌ನಲ್ಲಿ ಇದು ಎದ್ದು ಕಾಣುತ್ತದೆ. ದೂರದ ಕಾಳಗದ ಚಿತ್ರ ಬೇಕಾದರೆ ಅಲ್ಲಿದ್ದವರ ಸಾಧನದಿಂದ ತೆಗೆಯುವುದೇ ದಾರಿ.

ಕ್ಯಾಮೆರಾ ಎಲ್ಲಿಡಬೇಕು

ಎಚ್‌ಯುಡಿ (ಪರದೆಯ ಮೇಲಿನ ಮ್ಯಾಪ್, ಗುಂಡಿನ ಲೆಕ್ಕ, ಗುರಿಯ ಚುಕ್ಕೆ), ಹೆಸರಿನ ಪಟ್ಟಿ, ಪಾತ್ರದ ಸುತ್ತ ಹೊಳೆಯುವ ಗೆರೆ ಎಲ್ಲವನ್ನೂ ಆಫ್ ಮಾಡಿ, ಎತ್ತ ಬೇಕಾದರೂ ಸರಿಸಬಹುದಾದ ಫ್ರೀ ಕ್ಯಾಮೆರಾಕ್ಕೆ ಹೋಗಿ. ಫೋರ್ಟ್‌ನೈಟ್‌ನಲ್ಲಿ ಇದನ್ನು ಡ್ರೋನ್ ಫ್ರೀ ಎನ್ನುತ್ತಾರೆ. ಅಸೆಟ್ಟೊ ಕೊರ್ಸಾದಲ್ಲಿ ಎಫ್7 ಒತ್ತಬೇಕು. ಗ್ರ್ಯಾಂಡ್ ಥೆಫ್ಟ್ ಆಟೊ 5ರ ರಾಕ್‌ಸ್ಟಾರ್ ಎಡಿಟರ್‌ನಲ್ಲೂ ಫ್ರೀ ಕ್ಯಾಮೆರಾ ಇದೆ, ಆದರೆ ಅದು ಪಾತ್ರದಿಂದ ಹೆಚ್ಚು ದೂರ ಹೋಗಲು ಬಿಡುವುದಿಲ್ಲ.

ಚಿತ್ರದ ಸ್ವಭಾವವನ್ನು ಬದಲಿಸುವುದು ಎಫ್‌ಒವಿ, ಅಂದರೆ ಕ್ಯಾಮೆರಾ ಎಷ್ಟು ಅಗಲ ನೋಡುತ್ತದೆ ಎಂಬ ಕೋನ. ಆಟದ ಎಫ್‌ಒವಿ 90 ಡಿಗ್ರಿಯ ಆಸುಪಾಸು ಇರುತ್ತದೆ, ಸುತ್ತಮುತ್ತ ಕಾಣಲಿ ಎಂದು. ಫುಲ್ ಫ್ರೇಮ್ ಕ್ಯಾಮೆರಾದ ಲೆಕ್ಕದಲ್ಲಿ ಅದು 18 ಮಿಲಿಮೀಟರ್ ಲೆನ್ಸ್. ಅದನ್ನು ಹಿಡಿದು ಹತ್ತಿರ ಹೋದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿದ ಮುಖ ಸಿಗುತ್ತದೆ. 54 ಡಿಗ್ರಿ ಎಂದರೆ 35 ಮಿ.ಮೀ., 40 ಡಿಗ್ರಿ ಎಂದರೆ 50, 24 ಎಂದರೆ 85, 10 ಎಂದರೆ 200. ಮುಖ, ಅರ್ಧ ದೇಹದ ಚಿತ್ರಗಳಿಗೆ 24ರಿಂದ 30 ಡಿಗ್ರಿ ಹಿತ. ಕಾರುಗಳಿಗೆ 15ರಿಂದ 25. ಕಟ್ಟಡ, ಕಣಿವೆ, ಇಡೀ ಕಾಳಗದ ನೋಟಕ್ಕೆ 55ರ ಮೇಲೆ. ಈ ಲೆಕ್ಕವೆಲ್ಲ ಅಡ್ಡ ಕೋನದ್ದು. ಕೆಲವು ಆಟಗಳು ಉದ್ದ ಕೋನವನ್ನು ತೋರಿಸುತ್ತವೆ. 16:9 ಪರದೆಯಲ್ಲಿ ಅಡ್ಡ 90 ಎಂದರೆ ಉದ್ದಕ್ಕೆ ಸುಮಾರು 59. ಗೊಂದಲವಾದರೆ ಕಣ್ಣನ್ನೇ ನಂಬಿ.

ಕೋನ ಕಿರಿದಾದಷ್ಟೂ ಹಿಂದೆ ಸರಿಯಬೇಕು. ಸರಿದಾಗ ಇನ್ನೊಂದು ತೊಂದರೆ ಎದುರಾಗಬಹುದು: ಪಾತ್ರದ ಬಟ್ಟೆ ಮಸುಕು, ಬೆರಳುಗಳು ಒಂದಕ್ಕೊಂದು ಅಂಟಿದಂತೆ, ಚಕ್ರ ದುಂಡಗಿರದೆ ಎಂಟು ಮೂಲೆ. ದೂರದ ವಸ್ತುವಿಗೆ ಎಂಜಿನ್ ಅಗ್ಗದ ಮಾದರಿಯನ್ನು ಹಾಕುತ್ತದೆ. ಕೆಲವು ಎಂಜಿನ್‌ಗಳು ಜೂಮ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಕೆಲವು ದೂರವನ್ನಷ್ಟೇ ನೋಡುತ್ತವೆ. ಎರಡನೆಯ ಜಾತಿಯ ಆಟ ಸಿಕ್ಕರೆ ಹತ್ತಿರ ಬಂದು ಎಫ್‌ಒವಿ ಸ್ವಲ್ಪ ಹಿಗ್ಗಿಸಿ ರಾಜಿಯಾಗಬೇಕು.

ಎತ್ತರದ ವಿಷಯದಲ್ಲಿ ಒಂದು ಖಚಿತ ಅಭಿಪ್ರಾಯ: ಕೆಳಗೆ ಇಳಿಯಿರಿ. ಎಲ್ಲರೂ ಆಟವನ್ನು ನೋಡುವುದು ಭುಜದ ಮೇಲಿನಿಂದ, ಆ ಎತ್ತರದಿಂದ ತೆಗೆದದ್ದು ಆಟದ ಹಾಗೆಯೇ ಕಾಣುತ್ತದೆ. ಮನುಷ್ಯರಿಗೆ ಸೊಂಟದ ಎತ್ತರ, ಕಾರಿಗೆ ಚಕ್ರದ ನಡುಬಿಂದುವಿನ ಎತ್ತರ, ಅಂದರೆ ನೆಲದಿಂದ ಒಂದು ಅಡಿ. ಕಾರು ಅಥವಾ ಪಾತ್ರ ಹೋಗುತ್ತಿರುವ ದಿಕ್ಕಿನಲ್ಲಿ ಹೆಚ್ಚು ಜಾಗ ಬಿಡಿ. ತಲೆಯ ಹಿಂದೆ ಕಂಬ ನಿಂತಿದೆಯೇ ನೋಡಿ. ಅರ್ಧ ಮೀಟರ್ ಪಕ್ಕಕ್ಕೆ ಸರಿದರೆ ಅದು ಹೋಗುತ್ತದೆ. ಕ್ಯಾಮೆರಾ ಓರೆ ಮಾಡುವ ಚಪಲ ಎಲ್ಲರಿಗೂ ಇದ್ದದ್ದೇ, 10 ಡಿಗ್ರಿ ಮೀರಿದರೆ ಕಾರು ಜಾರಿ ಬೀಳುತ್ತಿರುವಂತೆ ಕಾಣುತ್ತದೆ.

ಬೆಳಕನ್ನು ಹೆಚ್ಚಿನ ರಿಪ್ಲೇಗಳಲ್ಲಿ ಬದಲಿಸಲಾಗುವುದಿಲ್ಲ, ನೀವೇ ಸುತ್ತು ಬರಬೇಕು. ವಸ್ತುವನ್ನು ನಡುವಿಟ್ಟು ಪೂರ್ತಿ ಒಂದು ಸುತ್ತು ಹಾಕಿ. ಸೂರ್ಯ ನಿಮ್ಮ ಬೆನ್ನಿಗಿದ್ದಾಗ ಎಲ್ಲವೂ ಕಾಣುತ್ತದೆ, ಆದರೆ ಚಪ್ಪಟೆ. ಸೂರ್ಯ ವಸ್ತುವಿನ ಹಿಂದೆ ಸ್ವಲ್ಪ ಪಕ್ಕಕ್ಕೆ ಇದ್ದಾಗ ಅಂಚುಗಳು ಹೊಳೆಯುತ್ತವೆ, ಧೂಳೂ ಹೊಗೆಯೂ ಬೆಳಕು ಹಿಡಿಯುತ್ತವೆ. ಮುಖ ಕಪ್ಪಾದರೆ ಎಕ್ಸ್‌ಪೋಷರ್ ಕೊಂಚ ಏರಿಸಿ.

ಓಡುವ ಕಾರನ್ನು ಓಡುವಂತೆಯೇ ತೋರಿಸುವುದು

ನಿಲ್ಲಿಸಿ ತೆಗೆದ ರೇಸ್ ಕಾರು ಪಾರ್ಕಿಂಗ್‌ನಲ್ಲಿ ನಿಂತ ಹಾಗೆ ಕಾಣುವುದೇಕೆ ಎಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರ್. 66 ಸೆಂಟಿಮೀಟರ್ ವ್ಯಾಸದ ಚಕ್ರ ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 24 ಸುತ್ತು ಹೊಡೆಯುತ್ತದೆ. ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/500 ಸೆಕೆಂಡ್ ಆಗಿದ್ದರೆ ಅಷ್ಟರಲ್ಲಿ ಚಕ್ರ ತಿರುಗುವುದು 17 ಡಿಗ್ರಿ; ರಿಮ್‌ನ ಕಡ್ಡಿಗಳನ್ನು ಎಣಿಸಬಹುದು. 1/60ಕ್ಕೆ ಇಳಿಸಿದರೆ ಚಕ್ರ ಸುತ್ತಿನ ಐದರಲ್ಲಿ ಎರಡು ಭಾಗ ತಿರುಗಿ, ಕಾರು 83 ಸೆಂ.ಮೀ. ಮುಂದೆ ಹೋಗಿರುತ್ತದೆ. ರಿಮ್ ಕರಗಿ ತಟ್ಟೆಯಾಗುತ್ತದೆ, ರಸ್ತೆ ಗೆರೆಗೆರೆಯಾಗುತ್ತದೆ. ನಿಧಾನದ ತಿರುವಿನಲ್ಲಿ, ಅಂದರೆ 80 ಕಿ.ಮೀ. ವೇಗದಲ್ಲಿ, ಅದೇ ಮಸುಕಿಗೆ 1/30 ಬೇಕು.

ಗ್ರ್ಯಾನ್ ಟುರಿಸ್ಮೊ 7ರ ರಿಪ್ಲೇ ಫೋಟೊದಲ್ಲಿ ಶಟರ್ ವೇಗ, ಪ್ಯಾನಿಂಗ್ (ಕಾರಿನೊಂದಿಗೆ ಕ್ಯಾಮೆರಾ ತಿರುಗುವುದು) ಎರಡೂ ಇವೆ, ಸಂಖ್ಯೆ ಹಾಕಿ ಒತ್ತಿದರಾಯಿತು. ಅದಿಲ್ಲದ ಆಟಗಳಲ್ಲಿ ಮಸುಕನ್ನು ಕೈಯಾರೆ ಕಟ್ಟಬೇಕು. ಆಟದ ಸ್ವಂತ ಮೋಷನ್ ಬ್ಲರ್ ಇಲ್ಲಿ ಸಾಮಾನ್ಯವಾಗಿ ಕೈಕೊಡುತ್ತದೆ: ಅದು ಒಂದು ಫ್ರೇಮ್‌ನಿಂದ ಮತ್ತೊಂದಕ್ಕೆ ಆದ ಚಲನೆಯನ್ನು ಅಳೆದು ಹಚ್ಚುವಂಥದ್ದು, ನಿಲ್ಲಿಸಿದಾಗ ಚಲನೆ ಸೊನ್ನೆ.

ಕಟ್ಟುವುದು ಹೀಗೆ. ಕ್ಯಾಮೆರಾವನ್ನು ಕಾರಿಗೆ ಅಂಟಿಸುವ ಆಯ್ಕೆ ಇದ್ದರೆ ಅಂಟಿಸಿ. ರಿಪ್ಲೇ ವೇಗವನ್ನು 1/16ಕ್ಕೆ ಇಳಿಸಿ, ಒಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಹೆಚ್ಚಿನ ಬಿಟ್‌ರೇಟ್ ಇಟ್ಟು ಸೆಕೆಂಡಿಗೆ 60 ಫ್ರೇಮ್‌ನಂತೆ ರೆಕಾರ್ಡ್ ಮಾಡಿ, ಸಾಲಾಗಿ 16 ಫ್ರೇಮ್ ಹೊರತೆಗೆಯಿರಿ. ಇವು ಸೇರಿ ಆಟದೊಳಗಿನ 1/60 ಸೆಕೆಂಡ್ ಆಗುತ್ತವೆ. 180ರ ವೇಗದಲ್ಲಿ ಒಂದರಿಂದ ಇನ್ನೊಂದಕ್ಕೆ ಕಾರು 5 ಸೆಂ.ಮೀ. ಸರಿದಿರುತ್ತದೆ. ಜಿಂಪ್ ಅಥವಾ ಫೋಟೊಶಾಪ್‌ನಲ್ಲಿ ಹದಿನಾರನ್ನೂ ಒಂದರ ಮೇಲೊಂದು ಲೇಯರ್ ಆಗಿ ಇಟ್ಟು, ಕೆಳಗಿನಿಂದ ಒಪ್ಯಾಸಿಟಿಯನ್ನು 100, 50, 33, 25, 20, 17, 14, 13 ಹೀಗೆ ಇಳಿಸುತ್ತ ಹೋಗಿ. ಎಷ್ಟನೆಯ ಲೇಯರ್ ಎಂಬ ಸಂಖ್ಯೆಯಿಂದ 100ನ್ನು ಭಾಗಿಸಿದರೆ ಉತ್ತರ ಬರುತ್ತದೆ. ಎಲ್ಲಕ್ಕೂ ಒಂದೇ ಪಾಲು ಸಿಗುವುದು ಹೀಗೆ ಮಾಡಿದಾಗ ಮಾತ್ರ. ಎಲ್ಲವನ್ನೂ 50ಕ್ಕೆ ಇಟ್ಟರೆ ಮೇಲಿನ ಎರಡು ಮೂರೇ ಕಾಣುತ್ತವೆ. ಎಂಟೇ ಫ್ರೇಮ್ ಬಳಸಿದರೆ ರಸ್ತೆಯ ಬಿಳಿ ಗೆರೆ ಏಣಿಯ ಮೆಟ್ಟಿಲಿನಂತೆ ಒಡೆದು ಕಾಣುತ್ತದೆ, ಮೆಟ್ಟಿಲು ಕಂಡರೆ ಫ್ರೇಮ್ ಸಾಲದು ಎಂದರ್ಥ.

ಅಂಟಿಸಿದ ಕ್ಯಾಮೆರಾದಲ್ಲಿ ಹತ್ತಿರದ ನೆಲ ಮಸುಕಾಗಿ ದೂರದ ಬೆಟ್ಟ ಸ್ಪಷ್ಟವಾಗಿಯೇ ಉಳಿಯುತ್ತದೆ. ಒಂದೇ ಕಡೆ ನಿಂತು ಕಾರಿನೊಂದಿಗೆ ತಿರುಗುವ ಟಿವಿ ಕ್ಯಾಮೆರಾ ಆರಿಸಿದರೆ ಹಿನ್ನೆಲೆಯೆಲ್ಲ ಮಸುಕಾಗುತ್ತದೆ, ಪಕ್ಕಾ ರೇಸ್ ಫೋಟೊದ ಹಾಗೆ. ಅದಕ್ಕೆ ಎಫ್‌ಒವಿ ಕಿರಿದಾಗಿರಲಿ. ಅಗಲವಾಗಿದ್ದರೆ ಕಾರಿನ ಮೂತಿ ಸ್ಪಷ್ಟವಾಗಿದ್ದು ಬಾಲ ಕರಗಿಹೋಗುತ್ತದೆ.

ಒತ್ತುವ ಮೊದಲು ಎರಡು ಉಸಿರು

ಈಗಿನ ಬಹುಪಾಲು ಆಟಗಳು ಟಿಎಎ ಎಂಬ ವಿಧಾನದಿಂದ ಅಂಚು ನಯ ಮಾಡುತ್ತವೆ. ಅದು ಹಿಂದಿನ ಹಲವು ಫ್ರೇಮ್‌ಗಳನ್ನು ಸೇರಿಸಿಕೊಂಡು ಒಂದು ಚಿತ್ರ ಕಟ್ಟುತ್ತದೆ. ಕ್ಯಾಮೆರಾ ಸರಿಸಿದ ಕೂಡಲೇ ಒತ್ತಿದರೆ ಹಿಂದಿನ ಜಾಗದ ನೆರಳು ಸುಳಿದಿರುತ್ತದೆ, ಕನ್ನಡಿ ಮತ್ತು ನೀರಿನ ಪ್ರತಿಬಿಂಬದಲ್ಲಿ ಮರಳು ಎರಚಿದಂತೆ ಚುಕ್ಕೆಗಳಿರುತ್ತವೆ. ಕೈಬಿಟ್ಟು ಒಂದೆರಡು ಸೆಕೆಂಡ್ ಕಾಯಿರಿ, ಕಣ್ಣೆದುರೇ ಚಿತ್ರ ತಿಳಿಯಾಗುತ್ತದೆ. ದೂರದ ಗೋಡೆಯ ಟೆಕ್ಸ್ಚರ್ ಲೋಡ್ ಆಗಲೂ ಈ ಸಮಯ ಬೇಕು.

ಡೆಪ್ತ್ ಆಫ್ ಫೀಲ್ಡ್ (ಫೋಕಸ್ ಹೊರಗಿನದನ್ನು ಮಸುಕು ಮಾಡುವುದು) ಇದ್ದರೆ ಅಪರ್ಚರ್ ಅನ್ನು ಕೊನೆಯವರೆಗೂ ಎಳೆಯಬೇಡಿ. ಯಾವ ಬಿಂದು ಎಷ್ಟು ದೂರದಲ್ಲಿದೆ ಎಂಬ ದೂರದ ನಕ್ಷೆ ನೋಡಿ ಎಂಜಿನ್ ಮಸುಕು ಹಾಕುತ್ತದೆ. ಗಾಜು, ಹೊಗೆಯಂಥ ಪಾರದರ್ಶಕ ವಸ್ತುಗಳು ಆ ನಕ್ಷೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಕಾರಿನ ಗಾಜಿನ ಮೇಲಿನ ಹೊಳಪು ಮಸುಕಾಗಿ, ಕೂದಲಿನ ಸುತ್ತ ಕತ್ತರಿಯಿಂದ ಕತ್ತರಿಸಿದ ಗೆರೆ ಮೂಡುತ್ತದೆ. ಮನುಷ್ಯರಾದರೆ ಫೋಕಸ್ ಹತ್ತಿರದ ಕಣ್ಣಿನ ಮೇಲೆ, ಕಾರಾದರೆ ಹತ್ತಿರದ ಹೆಡ್‌ಲೈಟ್ ಮೇಲೆ.

ಹೊರಗಿನ ಉಪಕರಣ ಬಳಸುವಾಗ ಮೋಸದಾಟ ಎಂದು ನಿಮ್ಮ ಖಾತೆ ನಿಷೇಧವಾಗದಂತೆ ಎಚ್ಚರವಿರಲಿ. ಎನ್‌ವಿಡಿಯಾದ ಆನ್ಸೆಲ್ 2016ರಲ್ಲಿ ಬಂತು, ಆಲ್ಟ್+ಎಫ್2 ಒತ್ತಿದರೆ ತೆರೆಯುತ್ತದೆ. ಕ್ಯಾಮೆರಾ ತಿರುಗಾಡುವುದು ಅದಕ್ಕೆ ಬೆಂಬಲ ಕೊಟ್ಟ ಆಟಗಳಲ್ಲಷ್ಟೇ. ರೀಶೇಡ್ ಬಹುತೇಕ ಆಟಗಳಿಗೆ ಬಣ್ಣ, ಮಸುಕು ಸೇರಿಸುತ್ತದೆ. ಆದರೆ ಆನ್‌ಲೈನ್ ಸಂಪರ್ಕ ಕಂಡರೆ ಅದರ ಮಾಮೂಲಿ ಆವೃತ್ತಿ ದೂರದ ನಕ್ಷೆ ಓದುವುದನ್ನು ನಿಲ್ಲಿಸಿಬಿಡುತ್ತದೆ. ಆಡ್-ಆನ್ ಇರುವ ಆವೃತ್ತಿ ಒಬ್ಬರೇ ಆಡುವ ಆಟಗಳಿಗೆ ಮಾತ್ರ. ಕೌಂಟರ್-ಸ್ಟ್ರೈಕ್‌ನ ಡೆಮೊಗಳಿಗೆ (ಅಲ್ಲಿ ರಿಪ್ಲೇಯ ಹೆಸರು) ಎಚ್‌ಎಲ್‌ಎಇ ಎಂಬ ಉಪಕರಣ ಬಳಸುವವರು ಆಟವನ್ನು ‘ಇನ್‌ಸೆಕ್ಯೂರ್’ ಸ್ಥಿತಿಯಲ್ಲೇ, ಅಂದರೆ ಮೋಸ ತಡೆಯುವ ವ್ಯವಸ್ಥೆ ಆಫ್ ಆಗಿರುವಂತೆ ತೆರೆಯಬೇಕು, ಕೆಲಸ ಮುಗಿದ ಮೇಲೆ ಮುಚ್ಚಿ ಮಾಮೂಲಿಯಾಗಿ ತೆರೆದ ನಂತರವೇ ಪಂದ್ಯಕ್ಕೆ ಹೋಗಬೇಕು.

ಕತ್ತರಿಸಿ ಕಳಿಸುವುದು

3840×2160ರಿಂದ 4:5 ಅಳತೆಯ ಉದ್ದ ಚಿತ್ರ ಕತ್ತರಿಸಿದರೆ 1728×2160 ಉಳಿಯುತ್ತದೆ, ಇನ್‌ಸ್ಟಾಗ್ರಾಂನಂಥ ಕಡೆ ಬಳಸುವ 1080×1350ಕ್ಕೆ ಧಾರಾಳ ಸಾಕು. ಅದೇ 1920×1080ರಿಂದ ಕತ್ತರಿಸಿದರೆ ಸಿಗುವುದು 864×1080, ಹಿಗ್ಗಿಸದೆ ಗತಿಯಿಲ್ಲ. ಕಪ್ಪನ್ನು ಕೊಂಚ ಇಳಿಸಿ, ಹೊಳಪನ್ನು ಆಕಾಶ ಸುಡದಷ್ಟು ಏರಿಸಿ. ಬಣ್ಣದ ಗಾಢತೆಗೆ ಕೈಹಾಕದಿದ್ದರೂ ನಡೆಯುತ್ತದೆ, ಆಟಗಳ ಬಣ್ಣ ಮೊದಲೇ ಢಾಳು. ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆ ಮೂಡಿದರೆ ತೀರಾ ಸಣ್ಣ ಪ್ರಮಾಣದಲ್ಲಿ ಗ್ರೇನ್ ಸೇರಿಸಿ, ಪಟ್ಟೆಗಳ ಅಂಚು ಒಡೆದು ಕಣ್ಣಿಗೆ ಬೀಳುವುದಿಲ್ಲ. ಇತರ ಆಟಗಾರರ ಹೆಸರು ಎಲ್ಲಾದರೂ ಉಳಿದಿದೆಯೇ ಎಂದು ಮೂಲೆಗಳನ್ನು ಹಿಗ್ಗಿಸಿ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಆರಿಸದೆ ಡಾಕ್ಯುಮೆಂಟ್ ಎಂದು ಆರಿಸಿ, ಇಲ್ಲವಾದರೆ 4ಕೆಯಲ್ಲಿ ತೆಗೆದದ್ದು ಅವರ ಫೋನಿಗೆ ತಲುಪುವಷ್ಟರಲ್ಲಿ ಕುಗ್ಗಿ ಹೊಗೆಯ ಜಾಗದಲ್ಲೆಲ್ಲ ಚೌಕಚೌಕ ಕಾಣುತ್ತದೆ.